ಅರೆತಲೆನೋವು ಅರ್ಧ ಮೈಯನ್ನೇ ಕಟ್ಟಿಹಾಕಿದಾಗ

ಅರೆತಲೆನೋವು ನಮ್ಮಲ್ಲಿ ಯಾರಿಗೆ ಹೊಸತು ಹೇಳಿ? ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ, ವರ್ಷವೊಂದರಲ್ಲಿ ನೂರು ವಯಸ್ಕರ ಪೈಕಿ ಸುಮಾರು 25 ಮಂದಿಯನ್ನು ಮೈಗ್ರೇನ್ ಕಾಡುತ್ತದೆ. ಅದರಲ್ಲೂ ಹೆಂಗಸರೇ ಹೆಚ್ಚು. ಹಣೆಗೆ ಬಟ್ಟೆ ಬಿಗಿದು ಒಲೆ ಮುಂದೆ ನಿಲ್ಲುವುದು ನಮಗೆ ರೂಢಿ. ಆದರೆ ಇದೇ ಜಾತಿಯ ಒಂದು ಅಪರೂಪದ ನೋವಿದೆ. ಅದು ಬಂದಾಗ ಒಂದು ಕಡೆಯ ಕೈಕಾಲು ಸೋತುಹೋಗುತ್ತವೆ, ಮಾತು ತೊದಲುತ್ತದೆ, ಕಣ್ಣ ಮುಂದೆ ಮಿಂಚು ಸುಳಿಯುತ್ತದೆ. ವೈದ್ಯರು ಇದನ್ನು ಹೆಮಿಪ್ಲೀಜಿಕ್ ಮೈಗ್ರೇನ್ ಎನ್ನುತ್ತಾರೆ. ಪಕ್ಕದ ಮನೆಯವರು ಮಾತ್ರ, "ಅಯ್ಯೋ, ಲಕ್ವ ಹೊಡೀತು ಕಣ್ರೀ!" ಅಂತಾರೆ.

ಅವರ ಗಾಬರಿ ತಪ್ಪಲ್ಲ. ಇದು ಲಕ್ವವೋ ಮೈಗ್ರೇನೋ ಎಂದು ಮನೆಯಲ್ಲಿ ಕೂತು ತೀರ್ಮಾನಿಸಲು ಯಾರಿಂದಲೂ ಆಗದು. ರಕ್ತ ಹೆಪ್ಪುಗಟ್ಟಿ ಆದ ಲಕ್ವವಾದರೆ ಅದನ್ನು ಕರಗಿಸುವ ಚುಚ್ಚುಮದ್ದನ್ನು 4½ ಗಂಟೆಯೊಳಗೆ ಕೊಡಬೇಕು. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರು, ಕುಣಿಗಲಿನಿಂದ ಹತ್ತಿರಹತ್ತಿರ ಅದರ ಎರಡರಷ್ಟು. ಎಣ್ಣೆ ತಿಕ್ಕುತ್ತಾ, ನಾಟಿ ಔಷಧಿಗೆ ಜನ ಕಳಿಸುತ್ತಾ ಕೂತರೆ ಹೊತ್ತು ಅಲ್ಲೇ ಕಳೆದುಹೋಗುತ್ತದೆ. 108ಕ್ಕೆ ಫೋನ್ ಮಾಡಿ, ಸ್ಕ್ಯಾನ್ ಸೌಕರ್ಯವಿರುವ ಆಸ್ಪತ್ರೆಗೇ ಹೊರಡಿ.

ಪರೀಕ್ಷೆಯಾಗಿ ಮೈಗ್ರೇನೇ ಎಂದು ಗೊತ್ತಾದರೆ ಅರ್ಧ ಭಯ ಕಳೆಯಿತು. ಮಿದುಳಿನ ಮೇಲ್ಪದರದಲ್ಲಿ ವಿದ್ಯುತ್ ಅಲೆಯೊಂದು ನಿಧಾನವಾಗಿ ಹರಡಿ, ಹೋದ ದಾರಿಯನ್ನೆಲ್ಲ ಸ್ವಲ್ಪ ಹೊತ್ತು ಮಂಕಾಗಿಸಿರುತ್ತದೆ, ಅಷ್ಟೆ. ಬಹುಪಾಲು ಜನರಿಗೆ ಶಕ್ತಿ ಗಂಟೆಗಳಲ್ಲೋ ದಿನಗಳಲ್ಲೋ ಮರಳುತ್ತದೆ. ತೀವ್ರವಾಗಿದ್ದರೆ ವಾರಗಳೂ ಹಿಡಿಯಬಹುದು.

ನಿಜವಾದ ಪೇಚು ಶುರುವಾಗುವುದು ಆಮೇಲೆ. ಕೈ ಎತ್ತಲು ಬಂತು, ಕಾಲು ಊರಲು ಬಂತು. ಮನೆಯವರ ಕಣ್ಣಿಗೆ ನೀವು ಗುಣವಾದಿರಿ. "ಇನ್ನೂ ಮಲಗಿದೀಯೇನಮ್ಮ? ಎದ್ದು ಒಂದು ಮುದ್ದೆ ತಿರುವು" ಎಂಬ ಮಾತು ಬಂದೇ ಬರುತ್ತದೆ. ಆದರೆ ಪಕ್ಕಕ್ಕೆ ತಿರುಗಿದರೆ ನೆಲ ವಾಲುವುದು, ಹೊಸಲು ದಾಟುವಾಗ ಹೆಬ್ಬೆರಳು ಎಡವುವುದು ನಿಮಗೆ ಮಾತ್ರ ಗೊತ್ತು. ಬಲ ಮೊದಲು ಬಂದು ಸಮತೋಲ ತಡವಾಗಿ ಬರುವುದುಂಟು. ಇದು ಸೋಮಾರಿತನವಲ್ಲ, ನಾಟಕವಂತೂ ಅಲ್ಲ. (ನಾಟಕ ಕಂಪನಿ ಕಟ್ಟಿ ಹೆಸರಾದ ಗುಬ್ಬಿಯವರಿಗೆ ಅಷ್ಟು ಗೊತ್ತಾಗಬೇಡವೇ!) ಅತ್ತೆಯವರಿಗೂ ಯಜಮಾನರಿಗೂ ಇದನ್ನು ವೈದ್ಯರ ಬಾಯಿಂದಲೇ ಹೇಳಿಸಿ.

ಫಿಸಿಯೋಥೆರಪಿಯವರಿಗೆ ಒಮ್ಮೆ ತೋರಿಸಿ, ಅವರು ಒಪ್ಪಿದರೆ ಮನೆಯಲ್ಲೇ ಅಭ್ಯಾಸ ಮಾಡಬಹುದು. ಹಾಸಿಗೆಯಿಂದ ದಡಕ್ಕನೆ ಏಳಬೇಡಿ, ಅಂಚಿನಲ್ಲಿ ಎರಡು ನಿಮಿಷ ಕೂತಿರಿ. ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒತ್ತಿಸಿಟ್ಟು, ಏಳುವುದು ಕೂರುವುದು ಐದು ಸಲ. ಅದು ಸಲೀಸಾದ ಮೇಲೆ ಅಡಿಗೆ ಕಟ್ಟೆ ಹಿಡಿದು ನಿಂತು, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಿ. ಆಮೇಲೆ ಗೋಡೆಯ ಪಕ್ಕದಲ್ಲಿ, ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಹೆಜ್ಜೆ ಇಡುವುದು. ಯಾರಾದರೂ ಜತೆಗಿರಲಿ. ಕೈಗಂತೂ ಅವರೆಕಾಯಿ ಬಿಡಿಸುವುದು, ಬತ್ತಿ ಹೊಸೆಯುವುದೇ ಒಳ್ಳೆಯ ವ್ಯಾಯಾಮ. ಸೋತ ಕೈಗೂ ಕೆಲಸ ಕೊಡಿ. ಸುಸ್ತಾಗುವ ಮುಂಚೆಯೇ ನಿಲ್ಲಿಸಿ. ಬಿಸಿ ಸಾರಿನ ಪಾತ್ರೆ, ಮಹಡಿ ಮೆಟ್ಟಿಲು ಎಲ್ಲ ಕೊನೆಗೆ. ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂತೇ ಸ್ನಾನ ಮಾಡಿ.

ವಾರಗಳು ಕಳೆದರೂ ತೂರಾಟ ನಿಲ್ಲದಿದ್ದರೆ ನರರೋಗ ತಜ್ಞರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರ ಪುನಶ್ಚೇತನಕ್ಕೆಂದೇ ವಿಭಾಗವಿದೆ. ಕೆಲವು ಮನೆತನಗಳಲ್ಲಿ ಈ ಕಾಯಿಲೆ ವಂಶವಾಹಿಯಿಂದ ಇಳಿದು ಬರುತ್ತದೆ, ಕೆಲವರಲ್ಲಿ ಕಿರುಮಿದುಳನ್ನೂ ತಟ್ಟುತ್ತದೆ. ತವರಿನಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂದು ಕೇಳಿಕೊಂಡು ಹೋಗಿ.

ಇನ್ನೊಂದು ಮಾತು, ಸಂಕೋಚ ಬೇಡ. ಸಂತಾನ ನಿಯಂತ್ರಣದ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು. ಈ ಬಗೆಯ ಮೈಗ್ರೇನ್ ಇರುವವರಿಗೆ ಈಸ್ಟ್ರೊಜೆನ್ ಇರುವ ಮಾತ್ರೆಗಳಿಂದ ಲಕ್ವದ ಅಪಾಯ ಹೆಚ್ಚುತ್ತದೆ. ಮಾಮೂಲಿ ಮೈಗ್ರೇನಿಗೆ ಕೊಡುವ ಸುಮಟ್ರಿಪ್ಟಾನನ್ನೂ ಅಕ್ಕಪಕ್ಕದವರಿಂದ ಇಸಕೊಂಡು ನುಂಗಬೇಡಿ. ಉಪವಾಸ, ನಿದ್ದೆಗೇಡು ಕೆಲವರಿಗೆ ನೋವನ್ನು ಕರೆದು ತರುತ್ತವೆ. ಶನಿವಾರದ ಒಪ್ಪತ್ತನ್ನು ಸದ್ಯಕ್ಕೆ ಬಿಡಿ, ದೇವರೇನೂ ಮುನಿಯುವುದಿಲ್ಲ. ಕಾಯಿಲೆಯ ಹೆಸರು, ಮಾತ್ರೆಗಳ ಹೆಸರು, ಮನೆಯ ಫೋನ್ ನಂಬರು ಬರೆದ ಚೀಟಿಯೊಂದು ಪರ್ಸಿನಲ್ಲಿರಲಿ. ತುಮಕೂರಿನ ಬಸ್ಸಿನಲ್ಲಿ ಮಾತು ಕಟ್ಟಿದರೆ ಕಂಡಕ್ಟರಿಗೆ ತೋರಿಸಬಹುದು.