ಸಿದ್ಧ ಪೊಟ್ಟಣವೂ ಮೂಲ ಪದಪಟ್ಟಿಯೂ

ತೇನಿ, ಕಂಬಂ ಕಣಿವೆಯ ಎಷ್ಟೋ ಕುಟುಂಬಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಆ ಮಾತನ್ನು ಗಣಕಯಂತ್ರದಲ್ಲಿ ಬರೆದರೆ ಏನಾದೀತೆಂದು ನೋಡೋಣ. ಚೆನ್ನೈನ ಸಿ-ಡ್ಯಾಕ್ ರೂಪಿಸಿದ 'ಬಾಸ್' ಲಿನಕ್ಸಿಗೆ ಆಧಾರವಾದದ್ದು 1993ರಲ್ಲಿ ಹುಟ್ಟಿದ ಡೆಬಿಯನ್. ಅದರ ಭಂಡಾರದಲ್ಲಿ 'ಆಸ್ಪೆಲ್' ಎಂಬ ಕಾಗುಣಿತ ಪರೀಕ್ಷಕಕ್ಕೆ ಬೇಕಾದ ಕನ್ನಡ ನಿಘಂಟು ಸಿದ್ಧ ಪೊಟ್ಟಣವಾಗಿಯೇ ದೊರೆಯುತ್ತದೆ. ಒಂದೇ ಆಜ್ಞೆಗೆ ಅದೂ, ಅದರ ಜೊತೆಗಾರ ತಂತ್ರಾಂಶಗಳೂ ಬಂದು ಕೂರುತ್ತವೆ. ನಿತ್ಯದ ಕೆಲಸಕ್ಕೆ ಇದೇ ಲೇಸು.

ಆದರೆ ಪಟ್ಟಿಯಲ್ಲಿಲ್ಲದ ಕಂಬಂ ಮನೆಮಾತನ್ನು ಅದು ತಪ್ಪೆಂದು ತೋರಿಸುತ್ತದೆ. ತಪ್ಪು ಅಜ್ಜಿಯದಲ್ಲವಷ್ಟೆ! ಆಗ ಮೂಲಕ್ಕೇ ಹೋಗಬೇಕು. ನಿಘಂಟಿನ ಮೂಲವೆಂದರೆ ನಾವು ಓದಬಲ್ಲ ಪದಪಟ್ಟಿ. ಅದಕ್ಕೆ ಅಜ್ಜಿಯ ಮಾತುಗಳನ್ನು ಸೇರಿಸಿ, ಯಂತ್ರ ಓದುವ ಕಡತವಾಗಿ ಮಾರ್ಪಡಿಸಿದರೆ ಆಯಿತು. ಇದೇ ಕಂಪೈಲ್ ಮಾಡುವುದು. ದೊಡ್ಡ ತಂತ್ರಾಂಶವಾದರೆ ಗಂಟೆಗಟ್ಟಲೆ ಹಿಡಿದೀತು. ಹೊಸ ಪೊಟ್ಟಣ ಬಂದಾಗ ನಾವು ಸೇರಿಸಿದ್ದು ಅಳಿಯಬಹುದಾದ್ದರಿಂದ, ಪಟ್ಟಿಯ ಪ್ರತಿಯೊಂದನ್ನು ಬೇರೆಯಾಗಿ ಇಟ್ಟುಕೊಳ್ಳತಕ್ಕದ್ದು.