ಹಲವು ಜಾಲಗಳು, ಒಂದೇ ಸೇವೆ

ಅಂತರಜಾಲವು ಒಂದೇ ಆಡಳಿತಕ್ಕೆ ಒಳಪಟ್ಟ ವ್ಯವಸ್ಥೆಯಲ್ಲ. ಅದು ಸ್ವತಂತ್ರವಾಗಿ ನಡೆಯುವ ಸಹಸ್ರಾರು ಜಾಲಗಳ ಕೂಟ. ಪುಣೆಯ ಮನೆಯೊಂದರಿಂದ ಚೆನ್ನೈಗೆ ಮಾಡಿದ ವೀಡಿಯೋ ಕರೆಯು ಎರಡು ಮೂರು ಸಂಸ್ಥೆಗಳ ಜಾಲಗಳನ್ನು ದಾಟಿ ಹೋಗಬಹುದು. ಆದುದರಿಂದ ಒಂದು ಸಂಸ್ಥೆಯು ಗ್ರಾಹಕರಿಗೆ ನೀಡುವ ಭರವಸೆ ಅದರ ಜಾಲದ ಎಲ್ಲೆಯವರೆಗೆ ಮಾತ್ರ ಸಲ್ಲುತ್ತದೆ. ಧ್ವನಿಯನ್ನು ಹೊತ್ತ ಪ್ಯಾಕೆಟ್‌ಗಳಿಗೆ ಒಂದು ಜಾಲವು ಆದ್ಯತೆಯ ಗುರುತು ಹಾಕಿದರೂ ಮುಂದಿನ ಜಾಲವು ಅದನ್ನು ಕಡೆಗಣಿಸಬಹುದು. ಪರಸ್ಪರ ಹೊಂದಾಣಿಕೆಯ ಅಗತ್ಯ ಉದ್ಭವಿಸುವುದು ಇಲ್ಲಿಯೇ.

ವಿನಿಮಯ ಕೇಂದ್ರ

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು. 1998ರಲ್ಲಿ ಖಾಸಗಿ ಸಂಸ್ಥೆಗಳಿಗೂ ಅವಕಾಶ ನೀಡಲಾಯಿತು. ಸಂಸ್ಥೆಗಳು ಹೆಚ್ಚಿದವಾದರೂ ಅವುಗಳ ನಡುವೆ ನೇರ ಸಂಪರ್ಕ ಸಾಲದಾಗಿತ್ತು. ಒಂದೇ ನಗರದ ಇಬ್ಬರ ನಡುವಣ ಮಾಹಿತಿಯೂ ಎಷ್ಟೋ ವೇಳೆ ವಿದೇಶಕ್ಕೆ ಹೋಗಿ ಮರಳುತ್ತಿತ್ತು. ವೆಚ್ಚವೂ ವಿಳಂಬವೂ ಹೆಚ್ಚುತ್ತಿದ್ದವು. ಇದನ್ನು ನಿವಾರಿಸಲು 2003ರಲ್ಲಿ ಲಾಭದ ಉದ್ದೇಶವಿಲ್ಲದ ಭಾರತೀಯ ರಾಷ್ಟ್ರೀಯ ಅಂತರಜಾಲ ವಿನಿಮಯ ಸಂಸ್ಥೆ, ಅಂದರೆ ನಿಕ್ಸಿ, ಸ್ಥಾಪನೆಗೊಂಡಿತು. ನೋಯ್ಡಾ, ಮುಂಬಯಿ, ಚೆನ್ನೈ, ಕೋಲ್ಕತ್ತಾ ಮತ್ತು ಅನಂತರ ಇತರ ನಗರಗಳಲ್ಲಿ ಅದರ ಕೇಂದ್ರಗಳು ತೆರೆದವು. ಪ್ರತಿಸ್ಪರ್ಧಿ ಸಂಸ್ಥೆಗಳು ಇಲ್ಲಿ ಸಮಾನ ನಿಯಮಗಳಡಿ ದೇಶೀಯ ಮಾಹಿತಿಯನ್ನು ವಿನಿಮಯ ಮಾಡಿಕೊಳ್ಳುತ್ತವೆ.

ದಾಳಿಯ ಸಂದರ್ಭದಲ್ಲಿ

ಸಾವಿರಾರು ಗಣಕಗಳಿಂದ ಏಕಕಾಲಕ್ಕೆ ಮಾಹಿತಿಯನ್ನು ಹರಿಸಿ ಒಂದು ತಾಣವನ್ನು ಸ್ಥಗಿತಗೊಳಿಸುವ ದಾಳಿಗಳುಂಟು. ದಾಳಿಗೀಡಾದ ಸಂಸ್ಥೆಯು ತನ್ನ ಬಾಗಿಲಲ್ಲಿ ಅದನ್ನು ತಡೆದರೆ ಪ್ರಯೋಜನವಿಲ್ಲ. ಅಷ್ಟರಲ್ಲಿ ಅದರ ಸಂಪರ್ಕ ಮಾರ್ಗವೇ ತುಂಬಿಹೋಗಿರುತ್ತದೆ. ನೆರೆಯ ಜಾಲಗಳೇ ಆ ವಿಳಾಸಕ್ಕೆ ಬರುವ ಮಾಹಿತಿಯನ್ನು ತ್ಯಜಿಸಬೇಕಾಗುತ್ತದೆ. ಹಾಗೆ ತ್ಯಜಿಸುವಂತೆ ಕೋರಲು ಬಳಸುವ 65535:666 ಎಂಬ ಸಮಾನ ಗುರುತನ್ನು ಐ.ಇ.ಟಿ.ಎಫ್. ಸಂಸ್ಥೆಯು 2016ರಲ್ಲಿ ಪ್ರಕಟಿಸಿತು. ಇದರಿಂದ ಆ ವಿಳಾಸದ ಸೇವೆ ತಾತ್ಕಾಲಿಕವಾಗಿ ನಿಂತರೂ ಅದೇ ಮಾರ್ಗವನ್ನು ಅವಲಂಬಿಸಿದ ಉಳಿದ ಗ್ರಾಹಕರು ಪಾರಾಗುತ್ತಾರೆ.

ಕೋರಿಕೆಯ ಪರಿಶೀಲನೆ

ಇಂತಹ ಸೂಚನೆಗಳನ್ನು ಪರಿಶೀಲಿಸದೆ ಒಪ್ಪುವುದು ಅಪಾಯಕರ. 2008ರ ಫೆಬ್ರವರಿ 24ರಂದು ಪಾಕಿಸ್ತಾನದ ದೂರಸಂಪರ್ಕ ಸಂಸ್ಥೆಯೊಂದು ತನ್ನ ದೇಶದೊಳಗೆ ಯೂಟ್ಯೂಬನ್ನು ತಡೆಯಲು ರಚಿಸಿದ ಮಾರ್ಗಸೂಚನೆಯು ಹೊರಜಾಲಗಳಿಗೂ ಹರಡಿತು. ಅವು ಅದನ್ನು ನಂಬಿದ್ದರಿಂದ ಸುಮಾರು ಎರಡು ಗಂಟೆಗಳ ಕಾಲ ವಿಶ್ವದ ಹಲವೆಡೆ ಆ ಸೇವೆ ದೊರೆಯಲಿಲ್ಲ. ಈಗ ವಿಳಾಸದ ಹಕ್ಕುದಾರರು ತಮ್ಮ ವಿಳಾಸಗಳನ್ನು ಯಾವ ಜಾಲವು ಘೋಷಿಸಬಹುದೆಂಬ ಅಧಿಕಾರಪತ್ರವನ್ನು ಡಿಜಿಟಲ್ ಸಹಿಯೊಡನೆ ನೋಂದಾಯಿಸಬಹುದು. ಆದರೆ ಇತರ ಜಾಲಗಳು ಅದನ್ನು ಪರಿಶೀಲಿಸಿದಾಗ ಮಾತ್ರ ಆ ಪತ್ರ ಫಲಕಾರಿಯಾಗುತ್ತದೆ.

ಆದುದರಿಂದ ಕಚೇರಿ, ಶಾಲೆ ಅಥವಾ ವಸತಿ ಸಂಘಗಳು ಸೇವಾ ಸಂಸ್ಥೆಯನ್ನು ಆರಿಸುವಾಗ ವೇಗ ಮತ್ತು ದರಗಳ ಜೊತೆಗೆ, ಅದು ವಿನಿಮಯ ಕೇಂದ್ರಕ್ಕೆ ಸೇರಿದೆಯೇ, ಮಾರ್ಗಸೂಚನೆಗಳನ್ನು ಪರಿಶೀಲಿಸುತ್ತದೆಯೇ ಎಂಬುದನ್ನೂ ವಿಚಾರಿಸುವುದು ಉಚಿತ.