ದೇಹದ ಗಡಿಯಾರವೂ ನಮ್ಮ ಓದೂ

ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಓದಿದ್ದು ಮರೆಯದೆಂದು ಹಿರಿಯರು ಹೇಳುವುದುಂಟು. ನಾನೂ ಅದನ್ನು ನಂಬಿದವನೇ. ಮೊದಲನೆಯ ವರ್ಷ ವಿದ್ಯಾರ್ಥಿನಿಲಯದಲ್ಲಿ ನನ್ನ ಕೊಠಡಿಯ ಗೆಳೆಯನು ನಾಲ್ಕು ಗಂಟೆಗೇ ಎದ್ದು ದೀಪ ಹಾಕುತ್ತಿದ್ದನು. ರಾತ್ರಿ ಹನ್ನೆರಡಾದರೂ ನಿದ್ರೆ ಬಾರದ ನಾನು ಹಟದಿಂದ ಅವನೊಡನೆ ಏಳುತ್ತಿದ್ದೆನು. ಪುಸ್ತಕ ತೆರೆದಿರುತ್ತಿತ್ತು, ಕಣ್ಣು ಮುಚ್ಚಿರುತ್ತಿತ್ತು. ಪರೀಕ್ಷೆಯಲ್ಲಿ ಅವನು ತರಗತಿಗೆ ಮೊದಲಿಗನಾದನು. ನಾನು ಅರ್ಥಶಾಸ್ತ್ರದಲ್ಲಿ ಅನುತ್ತೀರ್ಣನಾದೆನು. ನಾನು ದಡ್ಡನೂ ಸೋಮಾರಿಯೂ ಹೌದೆಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆನು.

ಆ ತೀರ್ಪು ಸರಿಯಲ್ಲವೆಂದು ತಿಳಿದದ್ದು ಗ್ರಂಥಾಲಯದಲ್ಲಿ. 1729ರಲ್ಲಿ ದ ಮೈರಾನ್ ಎಂಬ ಫ್ರೆಂಚ್ ವಿದ್ವಾಂಸನು, ಮುಟ್ಟಿದರೆ ಮುನಿಯಂತೆ ಎಲೆ ಮಡಿಸುವ ಗಿಡವೊಂದನ್ನು ಕತ್ತಲೆಯಲ್ಲಿಟ್ಟು ನೋಡಿದನು. ಬಿಸಿಲೇ ಕಾಣದಿದ್ದರೂ ಅದು ಹಗಲಿನಲ್ಲಿ ಎಲೆ ಬಿಚ್ಚಿ, ರಾತ್ರಿ ಮಡಿಸುತ್ತಿತ್ತು. 1938ರಲ್ಲಿ ಅಮೆರಿಕದ ಕ್ಲೈಟ್‌ಮನ್ ಎಂಬ ವಿಜ್ಞಾನಿ ತನ್ನ ಶಿಷ್ಯ ರಿಚರ್ಡ್‌ಸನ್‌ನೊಡನೆ ಕೆಂಟಕಿಯ ಮ್ಯಾಮತ್ ಗುಹೆಯಲ್ಲಿ 32 ದಿನ ವಾಸವಾಗಿದ್ದು, ದಿನಕ್ಕೆ 28 ಗಂಟೆಯೆಂದು ಲೆಕ್ಕ ಹಿಡಿದು ಬದುಕಿದನು. ಶಿಷ್ಯನ ದೇಹ ಹೊಸ ಲೆಕ್ಕಕ್ಕೆ ಹೊಂದಿಕೊಂಡಿತು. ಗುರುವಿನ ದೇಹ ಒಪ್ಪಲಿಲ್ಲ. ಗುಹೆಯೂ ಒಂದೇ, ವೇಳಾಪಟ್ಟಿಯೂ ಒಂದೇ, ದೇಹಗಳು ಬೇರೆ.

ಈ ಗಡಿಯಾರದ ಮುಖ್ಯ ಸ್ಥಾನ ಮೆದುಳಿನಲ್ಲಿ, ಕಣ್ಣಿನ ನರಗಳು ಸಂಧಿಸುವ ಜಾಗದ ಮೇಲಿದೆ. ಅದು ಜೀವಕೋಶದೊಳಗೆ ನಡೆಯುವ ಬಗೆಯನ್ನು ಕಂಡುಹಿಡಿದ ಹಾಲ್, ರೋಸ್‌ಬಾಷ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಎಲ್ಲರ ಗಡಿಯಾರವೂ ಒಂದೇ ಸಮನೆ ಇರುವುದಿಲ್ಲ. ಹದಿಹರೆಯದಲ್ಲಿ ಅದು ಸಾಮಾನ್ಯವಾಗಿ ಹಿಂದೆ ಬೀಳುತ್ತದೆ. ಇಪ್ಪತ್ತು ದಾಟಿದ ಮೇಲೆ ಮೆಲ್ಲನೆ ಮುಂದಕ್ಕೆ ಬರುತ್ತದೆ. ಆದುದರಿಂದ ತಡವಾಗಿ ನಿದ್ರೆ ಬರುವುದು ಯಾವಾಗಲೂ ದುರಭ್ಯಾಸವೇ ಎಂದು ಹೇಳಲಾಗದು.

ರಜೆಯಲ್ಲಿ ಹದಿನೈದು ದಿನ ಅಲಾರಂ ಇಡದೆ ಮಲಗಿ, ನಿದ್ರೆ ಬಂದ ಹೊತ್ತು, ಎಚ್ಚರವಾದ ಹೊತ್ತು, ಬುದ್ಧಿ ಚುರುಕಾಗಿದ್ದ ಹೊತ್ತು ಇವನ್ನು ಬರೆದಿಟ್ಟೆನು. ಸಂಜೆ ಏಳರಿಂದ ಹತ್ತರವರೆಗೆ ನನ್ನ ಮನಸ್ಸು ತಿಳಿಯಾಗಿರುತ್ತದೆಂದೂ, ಮಧ್ಯಾಹ್ನ ಎರಡರ ಸುಮಾರಿಗೆ ಮಂಕಾಗುತ್ತದೆಂದೂ ಗೊತ್ತಾಯಿತು. ಅಂದಿನಿಂದ ಅರ್ಥಶಾಸ್ತ್ರ ಸಂಜೆಗೆ. ಟಿಪ್ಪಣಿ ನಕಲು ಮಾಡುವ ಕೆಲಸ ಬಿಡುವಿನ ದಿನಗಳ ಮಧ್ಯಾಹ್ನಕ್ಕೆ. ಆದರೆ ಕಾಲೇಜಿನ ಗಂಟೆ ನನಗಾಗಿ ಕಾಯುವುದಿಲ್ಲವಷ್ಟೆ! ಬೆಳಗಿನ ಬೆಳಕು ಗಡಿಯಾರವನ್ನು ಮುಂದಕ್ಕೆ ಎಳೆಯುತ್ತದೆ. ತಡರಾತ್ರಿಯ ದೀಪವೂ ಮೊಬೈಲಿನ ಬೆಳಕೂ ಹಿಂದಕ್ಕೆ ತಳ್ಳುತ್ತವೆ. ಆದ್ದರಿಂದ ಹತ್ತೂವರೆಗೆ ಮೊಬೈಲನ್ನು ಪೆಟ್ಟಿಗೆಯಲ್ಲಿಟ್ಟು, ಹನ್ನೊಂದಕ್ಕೆ ಮಲಗಿ, ಆರೂವರೆಗೆ ಎದ್ದು ಬಯಲಿನಲ್ಲಿ ಅಡ್ಡಾಡತೊಡಗಿದೆನು. ಮುಂದಿನ ಪರೀಕ್ಷೆಯಲ್ಲಿ ಮೊದಲಿಗನಾಗಲಿಲ್ಲ, ಉತ್ತೀರ್ಣನಾದೆನು. ನನಗೆ ಅಷ್ಟೇ ಬೇಕಾಗಿತ್ತು.

ನಮ್ಮ ತಂದೆಯವರು ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುವವರು. ಒಂದು ವಾರ ಹಗಲು, ಮರುವಾರ ರಾತ್ರಿ. ಇದನ್ನೆಲ್ಲ ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಗಡಿಯಾರವನ್ನು ಯಾರೂ ಕೇಳಲಿಲ್ಲ. ನಿನಗಾದರೂ ಆರಿಸಿಕೊಳ್ಳಲು ನಾಲ್ಕು ಗಂಟೆಗಳಿವೆ" ಎಂದರು.

ನಾಲ್ಕಕ್ಕೆ ಏಳಬಲ್ಲ ಗೆಳೆಯರು ಏಳಲಿ. ಅದು ಅವರ ಭಾಗ್ಯ. ಏಳಲಾರದವರು ತಮ್ಮನ್ನು ಹಳಿದುಕೊಳ್ಳುವ ಮೊದಲು ಹದಿನೈದು ದಿನ ಬರೆದಿಟ್ಟು ನೋಡಬೇಕೆಂಬುದೇ ನನ್ನ ವಿನಂತಿ.